ಹದಿನೆಂಟು ಮೀಟರು, ಇಪ್ಪತ್ತಾರು ಪೌಂಡು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿ, ಕಾಲು ಮುರಿದ ಮಂಚಗಳನ್ನು ಒಂದರ ಮೇಲೊಂದು ಪೇರಿಸಿದ್ದ ಓಣಿಯ ಕೊನೆಗೆ ಟ್ಯಾಂಕಮ್ಮನ ಕೋಣೆ ಇತ್ತು. ಆ ಹೆಸರು ಇಟ್ಟವರು ಬಟ್ಟೆ ಒಗೆಯುವ ಹೆಂಗಸರು. ಅದರಲ್ಲಿ ತಮಾಷೆ ಇತ್ತೇ ಹೊರತು ಕೊಂಕಿರಲಿಲ್ಲ. ಕೋಣೆಯ ಮುಕ್ಕಾಲು ಭಾಗವನ್ನು ಒಂದು ಉಕ್ಕಿನ ಟ್ಯಾಂಕು ನುಂಗಿಹಾಕಿತ್ತು. ಉಳಿದದ್ದರಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಫೋನು, ಬೆಂಕಿ ಬಿದ್ದರೆ ಇರಲಿ ಎಂದು ಮರಳು ತುಂಬಿದ ಬಕೆಟ್ಟು, ಮತ್ತೆ ಅವಳು.

ಟ್ಯಾಂಕು ನೀರಿನದಲ್ಲ, ಗಾಳಿಯದು. ಅದು ಬಂದರಿನ ಊರು. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯಲು, ಕಡಿದುಬಿದ್ದ ಸರಪಳಿ ಹುಡುಕಲು, ನೀರೊಳಗೇ ಬೆಸುಗೆ ಹಾಕಲು ಇಳಿಯುವ ಜನ ಅಲ್ಲಿದ್ದರು. ಆಳದಲ್ಲಿ ನೀರಿನ ಒತ್ತಡಕ್ಕೆ ಉಸಿರಾಡಿದ ಗಾಳಿ ರಕ್ತದೊಳಗೆ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೇಲೆ ಬಂದರೆ ಬಂದ ದಾರಿಯಲ್ಲೇ ಅದು ಹೊರಟುಹೋಗುತ್ತದೆ. ಗಡಿಬಿಡಿಯಲ್ಲಿ ಬಂದರೆ, ಕುಲುಕಿದ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಮೈಯೊಳಗೇ ನೊರೆ ಏಳುತ್ತದೆ. ಕೀಲು ಹಿಡಿಯುತ್ತದೆ, ಕಾಲು ಸೋಲುತ್ತದೆ, ಕೆಲವರು ಆಮೇಲೆ ಏಳುವುದೇ ಇಲ್ಲ. ಹಾಗೆ ಗಡಿಬಿಡಿಯಲ್ಲಿ ಬಂದವರನ್ನು ಟ್ಯಾಂಕಿನೊಳಗೆ ಮಲಗಿಸಿ, ಬಾಗಿಲು ಬಿಗಿದು, ಗಾಳಿ ತುಂಬಿ, ಮತ್ತೆ ಆಳಕ್ಕೆ ಇಳಿಸಿದ ಹಾಗೆ ಮಾಡಿ, ಆಮ್ಲಜನಕ ಕೊಡುತ್ತ ಇಷ್ಟಿಷ್ಟೇ ಮೇಲಕ್ಕೆ ತರಬೇಕು. ಅದು ಅವಳ ಕೆಲಸ.

ಕೆಲಸವೆಂದರೆ ಹೆಚ್ಚಾಗಿ ಕಾಯುವುದು. ತಿಂಗಳಿಗೆ ಒಬ್ಬರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಅವಳು ಬಾಗಿಲಿನ ರಬ್ಬರು ಒರೆಸುತ್ತಿದ್ದಳು, ವಾಲ್ವುಗಳನ್ನು ತಿರುಗಿಸಿ ನೋಡುತ್ತಿದ್ದಳು, ಕಂಪ್ರೆಸರು ಓಡಿಸಿ ನಿಲ್ಲಿಸುತ್ತಿದ್ದಳು, ಮೇಜಿನ ಮೇಲೆ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. ಗೋಡೆಯಾಚೆ ಹೆಂಗಸರು ಒಮ್ಮೊಮ್ಮೆ ಗೊಳ್ಳೆಂದು ನಗುತ್ತಿದ್ದರು. ಯಾವುದಕ್ಕೆ ನಕ್ಕರೆಂಬುದು ಒಗೆಯುವ ಯಂತ್ರಗಳ ಸದ್ದಿನಲ್ಲಿ ತಿಳಿಯುತ್ತಿರಲಿಲ್ಲ. ಮೇಲಿನಿಂದ ಫೋನು ಬಂದಾಗ ಮಾತ್ರ ಅವಳ ಎದೆ ಒಂದು ಸಲ ಜಿಗಿಯುತ್ತಿತ್ತು. ಯಾರೋ ನರಳುತ್ತ ಬರುತ್ತಿದ್ದಾರೆ ಎಂದು ಗೊತ್ತಿದ್ದೂ ಜಿಗಿಯುತ್ತಿತ್ತು. ಥೂ, ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನು ತಾನೇ ಬೈದುಕೊಂಡು ಅವಳು ಹಾಸಿಗೆಗೆ ಹೊಸ ಬಟ್ಟೆ ಹಾಸುತ್ತಿದ್ದಳು.

ಅವಳಿಗೆ ಐವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ತಮ್ಮನನ್ನು ಓದಿಸಿ ದಡ ಮುಟ್ಟಿಸುವಷ್ಟರಲ್ಲಿ ಆ ಮಾತು ಎತ್ತುವವರೇ ಇರಲಿಲ್ಲ. ಈಗ ಆ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ತಮ್ಮನ ಹೆಂಡತಿ ಕೆಟ್ಟವಳಲ್ಲ, ಹೊತ್ತಿಗೆ ಸರಿಯಾಗಿ ತಟ್ಟೆ ಮುಚ್ಚಿಡುತ್ತಿದ್ದಳು. ಜಗಳವಿಲ್ಲದ ಮನೆ. ಜಗಳಕ್ಕಾದರೂ ಇಬ್ಬರು ಮಾತಾಡಬೇಕಲ್ಲ.

ಅವಳಿಗೆ ಇದ್ದ ಒಂದೇ ಚಟ ಒತ್ತಡದ ಲೆಕ್ಕ. ಅದಕ್ಕೆ ಕಾರಣ ಟ್ಯಾಂಕೇ. ಮುಚ್ಚಿಹೋದ ಯಾವುದೋ ಹಡಗು ಕಂಪನಿಯಿಂದ ಕೊಂಡು ತಂದ ಮಾಲು ಅದು. ಭಾಗಗಳೆಲ್ಲ ಒಂದೊಂದು ದೇಶದವು. ಹೊರಗಿನ ಗೇಜು ಸಮುದ್ರದ ಆಳವನ್ನು ಮೀಟರಿನಲ್ಲಿ ತೋರಿಸುತ್ತಿತ್ತು. ಒಳಗೆ, ಮಲಗಿದವರ ಕಣ್ಣೆದುರಿಗೆ ಇದ್ದದ್ದು ಲಾರಿ ಟೈರಿನ ಗಾಳಿಯ ಹಾಗೆ ಪೌಂಡಿನದು. ಡಾಕ್ಟರು ಮಾತಾಡುತ್ತಿದ್ದದ್ದು ವಾಯುಭಾರದ ಲೆಕ್ಕದಲ್ಲಿ. ಅವಳಿಗೆ ಕೆಲಸ ಕಲಿಸಿ ನಿವೃತ್ತನಾದ ಮುದುಕ ಟೆಕ್ನೀಷಿಯನ್ನು ಮೊದಲ ದಿನವೇ ಹೇಳಿದ್ದ: "ಒಂದ್ರಿಂದ ಇನ್ನೊಂದಕ್ಕೆ ನಿದ್ದೇಲೂ ತಿರುಗಿಸ್ಬೇಕಮ್ಮ. ಯೋಚನೆ ಮಾಡ್ಕೊಂಡು ಕೂತ್ರೆ ಒಳಗಿರೋನು ಕಾಯಲ್ಲ."

ಅವಳು ಎಚ್ಚರದಲ್ಲೂ ತಿರುಗಿಸುತ್ತಲೇ ಇದ್ದಳು. ಬಸ್ಸಿನ ಟೈರಿಗೆ ನೂರು ಪೌಂಡು ಗಾಳಿ ಹಾಕಿದರೆ, ಅದು ಸುಮಾರು ಅರವತ್ತೆಂಟು ಮೀಟರು ಸಮುದ್ರ. ಕುಕ್ಕರು ಸೀಟಿ ಹಾಕಿದರೆ ಹತ್ತು ಮೀಟರು. ಒಂದು ಸಲ ಅವಳ ತಮ್ಮ ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಂಡು ಮುಖ ಸಣ್ಣಗೆ ಮಾಡಿಕೊಂಡು ಬಂದ. "ನೂರ ಅರವತ್ತಂತೆ," ಎಂದು ಸೋಫಾದ ಮೇಲೆ ಕುಸಿದ. ಪಾದರಸದ ಮಿಲಿಮೀಟರಿನ ಲೆಕ್ಕ ಅದು. ಅವಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: "ಎರಡು ಮೀಟರು ನೀರು, ಸ್ವಲ್ಪ ಮೇಲೆ. ಅಷ್ಟೇನಾ?"

ಮನೆಯವರೆಲ್ಲ ಅವಳನ್ನೇ ನೋಡಿದರು.

"ಅತ್ತಿಗೆ, ಅವ್ರಿಗೆ ಉಪ್ಪು ಕಮ್ಮಿ ಮಾಡ್ಬೇಕಂತೆ," ಎಂದಳು ತಮ್ಮನ ಹೆಂಡತಿ. ಮಾತು ಅಲ್ಲಿಗೆ ಮುಗಿಯಿತು.

ಆ ದಿನ ಫೋನು ಬಂದದ್ದು ಬೆಳಿಗ್ಗೆ, ಅವಳು ಇನ್ನೂ ಕೈಚೀಲವನ್ನು ಮೊಳೆಗೆ ನೇತುಹಾಕುತ್ತಿದ್ದಾಗ. ರೋಗಿ ಅಷ್ಟು ಹೊತ್ತಿಗೆ ಆಸ್ಪತ್ರೆಯೊಳಗೇ ಒಂದು ಸುತ್ತು ಹಾಕಿಯಾಗಿತ್ತು. ಜೊತೆಯವರು ಗೇಟಿನಲ್ಲಿ "ಡೈವರ್ರು, ಡೈವರ್ರು" ಎಂದು ಕೂಗಿದ್ದು ಕಾವಲುಗಾರನಿಗೆ "ಡ್ರೈವರ್ರು" ಎಂದು ಕೇಳಿಸಿ, ಅವನು ಅಪಘಾತದ ವಾರ್ಡಿಗೆ ಕಳಿಸಿದ್ದ. ಅಲ್ಲಿ ನರ್ಸು ಗಾಯ ಹುಡುಕಿದಳು. ಗಾಯವಿಲ್ಲ. ಗಾಡಿ ಎಲ್ಲಿ ಗುದ್ದಿತು ಎಂದು ಕೇಳಿದಳು. ಗಾಡಿಯೇ ಇಲ್ಲ. ಕೊನೆಗೆ ಒದ್ದೆ ರಬ್ಬರಿನ ಉಡುಪು ನೋಡಿ ಯಾರಿಗೋ ಹೊಳೆಯಿತು.

ನಾಲ್ಕು ಜನ ಸ್ಟ್ರೆಚರು ನೂಕಿಕೊಂಡು ಓಣಿಯಲ್ಲಿ ಬಂದರು. ಸ್ಟ್ರೆಚರಿನ ಮೇಲೆ ನಲವತ್ತರ ಆಸುಪಾಸಿನ, ಅಗಲ ಭುಜದ ಒಬ್ಬ ಮನುಷ್ಯ ಹಲ್ಲು ಕಚ್ಚಿಕೊಂಡು ಮಲಗಿದ್ದ. ಅವನನ್ನು ಎಲ್ಲರೂ 'ಆಮೆ' ಎನ್ನುತ್ತಿದ್ದರು.

"ಮೇಲೆ ಬರೋದ್ರಲ್ಲಿ ಇವ್ನಷ್ಟು ನಿಧಾನ ಯಾರೂ ಇಲ್ಲ ಮೇಡಂ," ಎಂದ ಅವರಲ್ಲೊಬ್ಬ ಅಳುವ ದನಿಯಲ್ಲಿ. "ಅದಕ್ಕೇ ಆ ಹೆಸ್ರು. ಇವತ್ತು ಗಾಳಿ ಪೈಪು ಕಿತ್ಕೊಂಡ್ಬಿಡ್ತು, ಬುಡುಕ್ಕಂತ ಎದ್ದು ಬಂದ."

"ಎಡಗಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ನಂಗೆ," ಎಂದ ಆಮೆ. "ಯಾರಾದ್ರೂ ನೋಡಿ ಹೇಳ್ರೋ."

"ಇದೆ, ಇದೆ," ಎಂದು ಅವಳು ಕಾಲಿನ ಮೇಲೆ ಕೈಯಿಟ್ಟಳು.

ಡಾಕ್ಟರು ಓಡೋಡಿ ಬಂದರು. ಇನ್ನೂ ಚಿಕ್ಕ ವಯಸ್ಸು, ಆದರೆ ತಲೆ ತಣ್ಣಗಿದ್ದ ಮನುಷ್ಯ. ಅಲ್ಲಲ್ಲಿ ತಟ್ಟಿ, ಚುಚ್ಚಿ, ಪರೀಕ್ಷೆ ಮಾಡಿ ತೀರ್ಮಾನಿಸಿದರು. ಆಮೆಯ ಉಡುಪು ಬಿಚ್ಚಿ ಹತ್ತಿ ಬಟ್ಟೆ ತೊಡಿಸಿದರು. ಕೈಯ ಗಡಿಯಾರ, ಬೆರಳಿನ ಉಂಗುರ ತೆಗೆದರು. ಟ್ಯಾಂಕಿನೊಳಗೆ ಒಬ್ಬ ಮನುಷ್ಯ ಕಾಲು ಚಾಚಬಹುದು, ಇನ್ನೊಬ್ಬರು ಪಕ್ಕಕ್ಕೆ ಕೂರಲಾಗದು. ಒಳಗೆ ಜಾರಿಸುವಾಗ ಅವನು ಅವಳ ಮಣಿಕಟ್ಟು ಹಿಡಿದುಕೊಂಡ.

"ನೀವು ಎಲ್ಲಿರ್ತೀರ ಅಕ್ಕಾ?"

"ಇಲ್ಲೇ, ಈ ಕಿಟಕಿ ಹತ್ರ. ಎಲ್ಲೂ ಹೋಗಲ್ಲ."

ಅಂಗೈಯಗಲದ ದುಂಡು ಕಿಟಕಿ ಅದು, ಬೆರಳುದ್ದ ದಪ್ಪದ ಗಾಜು. ಅವಳು ಬಾಗಿಲು ಬಿಗಿದಳು. ಗಾಳಿ ಭುಸ್ಸೆಂದು ನುಗ್ಗಿತು. ಹೊರಗಿನ ಮುಳ್ಳು ಹದಿನೆಂಟಕ್ಕೆ ಬಂದು ನಿಂತಾಗ ಅವಳು ಸ್ಪೀಕರಿನಲ್ಲಿ "ಹದಿನೆಂಟು, ಸರಿಯಾಗಿದೆ," ಎಂದಳು. ಡಾಕ್ಟರು "ಎರಡು ಪಾಯಿಂಟ್ ಎಂಟು," ಎಂದು ಒಪ್ಪಿಗೆ ಕೊಟ್ಟರು. ಜೊತೆಗಾರರನ್ನು ಹೊರಗಿನ ಬೆಂಚಿಗೆ ಅಟ್ಟಿದರು.

ಮುಖಕ್ಕೆ ಆಮ್ಲಜನಕದ ಮುಸುಕು ಇರುವಾಗ ಮಾತಾಡಿದರೆ ಬರೀ ಗೊರಗೊರ. ನಡುನಡುವೆ ಸ್ವಲ್ಪ ಹೊತ್ತು ಮುಸುಕು ತೆಗೆದು ಬರೀ ಗಾಳಿ ಉಸಿರಾಡಿಸಬೇಕು. ಆಗ ಮಾತ್ರ ಮಾತು. ಮೊದಲ ಬಿಡುವಿನಲ್ಲೇ ಆಮೆ ಕೂಗಿದ.

"ಅಕ್ಕಾ, ಒಂದು ಮಾತು. ನಿಜ ಹೇಳ್ಬೇಕು. ಡಾಕ್ಟ್ರು ಎರಡೂ ಚಿಲ್ರೆ ಅಂದ್ರು. ನೀವು ಹದಿನೆಂಟು ಅಂದ್ರಿ. ಇಲ್ಲಿ ನನ್ನ ಮೂಗಿನ ಮುಂದೆ ಮುಳ್ಳು ಇಪ್ಪತ್ತಾರು ತೋರಿಸ್ತಿದೆ. ಯಾರೋ ಸುಳ್ಳು ಹೇಳ್ತಿದೀರ."

"ಯಾರೂ ಸುಳ್ಳು ಹೇಳ್ತಿಲ್ಲ."

"ಇಪ್ಪತ್ತಾರು ಮೀಟರಿಗೆ ಇಳಿಸಿ ನನ್ನ ಮುಗಿಸ್ಬೇಕು ಅಂತಿದೀರಾ? ಬಾಗಿಲು ತೆಗೀರಿ!" ಅವನು ಮೊಣಕೈಯಿಂದ ಗೋಡೆ ಗುದ್ದಿದ. ಆ ಕಬ್ಬಿಣದ ಸದ್ದಿಗೆ ಹೊರಗೆ ಬೆಂಚಿನ ಮೇಲಿದ್ದವರು ಎದ್ದು ನಿಂತರು.

ಅವಳು ದನಿ ಏರಿಸಲಿಲ್ಲ. "ಮನೇಲಿ ನಿಮ್ಮನ್ನ ಏನಂತಾರೆ?" ಎಂದು ಕೇಳಿದಳು.

"ಏನು?"

"ಮನೇಲಿ ಏನಂತ ಕರೀತಾರೆ ಅಂದೆ."

"ಮಗ್ಳು ಅಪ್ಪ ಅಂತಾಳೆ. ಹೆಂಡ್ತಿ 'ರೀ' ಅಂತಾಳೆ, ಕೋಪ ಬಂದ್ರೆ ಅದೂ ಇಲ್ಲ."

"ಕೆಲಸದಲ್ಲಿ?"

"ಆಮೆ."

"ಹಂಗಾದ್ರೆ ಮೂರು ಜನ ಇದೀರಾ ಒಳಗೆ?"

ನೋವಿನ ಮಧ್ಯೆಯೇ ಅವನು ಫಕ್ಕನೆ ನಕ್ಕ.

"ನಿಮ್ಮ ಮುಂದಿರೋದು ಪೌಂಡು," ಎಂದಳು. "ಮೀಟರಿಗೆ ಒಂದೂವರೆ ಪೌಂಡು, ಒಂಚೂರು ಕಮ್ಮಿ. ಹಾಕಿ ಲೆಕ್ಕ."

"ಹದಿನೆಂಟು, ಒಂಬತ್ತು... ಇಪ್ಪತ್ತೇಳು. ಒಂಚೂರು ಕಮ್ಮಿ ಅಂದ್ರೆ ಇಪ್ಪತ್ತಾರು." ಮತ್ತೆ ಕೇಳಿದ, "ಡಾಕ್ಟ್ರುದು?"

"ಅವ್ರು ತಲೆ ಮೇಲಿರೋ ಆಕಾಶದ ಗಾಳಿನೂ ಸೇರಿಸ್ತಾರೆ. ಅದು ಒಂದು. ತೆಗೆದ್ರೆ ಒಂದು ಪಾಯಿಂಟ್ ಎಂಟು. ಒಂದಕ್ಕೆ ಹತ್ತು ಮೀಟರಿನ ಲೆಕ್ಕ."

"ಆ ಗಾಳಿನ ನಿಮ್ಮ ಗೇಜು ಯಾಕೆ ಲೆಕ್ಕಕ್ಕೆ ಹಿಡಿಯಲ್ಲ?"

"ಎಲ್ರ ಮೇಲೂ ಇರುತ್ತಲ್ಲಪ್ಪ. ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಸೊನ್ನೆ ಅಂತ ಇಟ್ಟಿದಾರೆ. ಈಗ ಮುಸುಕು ಹಾಕ್ಕೊಳ್ಳಿ."

ಅವನು ಹಾಕಿಕೊಂಡ. ಅಲ್ಲಿಂದ ಮುಂದೆ ಪ್ರತಿ ಬಿಡುವಿನಲ್ಲೂ, ಕೂಡಿಟ್ಟುಕೊಂಡವನ ಹಾಗೆ ಮಾತಾಡಿದ. ಮಗಳಿಗೆ ಈಜು ಬರುವುದಿಲ್ಲ, ನೀರು ಕಂಡರೆ ಕಿರುಚುತ್ತಾಳೆ, ಅಪ್ಪನ ಮಾನ ಕಳೆಯುತ್ತಾಳೆ. ಹಡಗಿನ ತಳ ಕತ್ತಲೆಯಲ್ಲ, ಹಸಿರು. ಕೆಳಗೆ ತನ್ನ ಉಸಿರೇ ತನಗೆ ಕೇಳಿಸಿ ಮೊದಮೊದಲು ಹೆದರಿಕೆಯಾಗುತ್ತಿತ್ತು. ಅವಳು ಹ್ಞೂಂ ಎನ್ನುತ್ತ ಕೇಳಿದಳು. ಅವಳ ಕೋಣೆಯಲ್ಲಿ ಇಷ್ಟು ಮಾತು ಹರಿದು ಎಷ್ಟೋ ಕಾಲವಾಗಿತ್ತು.

ಮೇಲಕ್ಕೆ ತರಲು ಶುರುಮಾಡಿದಾಗ ತೊಂದರೆ ಬಂತು. ಹದಿನೆಂಟರಿಂದ ಒಂಬತ್ತು ಮೀಟರಿಗೆ ಅರ್ಧ ಗಂಟೆಯಲ್ಲಿ ತರಬೇಕು, ಎಳೆ ಬಿಡಿಸಿದ ಹಾಗೆ. ಅವಳು ವಾಲ್ವನ್ನು ಕೂದಲೆಳೆಯಷ್ಟು ತೆರೆದಳು. ಗಾಳಿ ಹೊರಗೆ ಹೋಗುವ ಸದ್ದು ಕೇಳಿಸಿತು. ಮುಳ್ಳು ಹದಿನೆಂಟರಿಂದ ಅಲುಗಲಿಲ್ಲ. ಅವಳು ಕಾದಳು. ಉಗುರಿನಿಂದ ಗಾಜು ತಟ್ಟಿದಳು. ಅಲುಗಲಿಲ್ಲ. ವಾಲ್ವು ಮುಚ್ಚಿ ಸ್ಪೀಕರಿನಲ್ಲಿ ಕೇಳಿದಳು: "ನಿಮ್ಮ ಮುಳ್ಳು ಎಷ್ಟರಲ್ಲಿದೆ?"

ಮುಸುಕಿನೊಳಗಿಂದ ಏನೋ ಗೊಣಗಿದ. ಹತ್ತೊಂಬತ್ತೋ, ಇಪ್ಪತ್ಮೂರೋ, ತಿಳಿಯಲಿಲ್ಲ.

"ಬಾಯಲ್ಲಿ ಬೇಡ. ಬೆರಳಲ್ಲಿ ತೋರಿಸಿ. ಮೊದಲು ಹತ್ತು ಎಷ್ಟು ಅಂತ, ಆಮೇಲೆ ಬಿಡಿ ಎಷ್ಟು ಅಂತ."

ದುಂಡು ಕಿಟಕಿಗೆ ಎರಡು ಬೆರಳು ಬಂದವು. ಹೋದವು. ಆಮೇಲೆ ನಾಲ್ಕು ಬೆರಳು.

ಇಪ್ಪತ್ನಾಲ್ಕು. ಅಂದರೆ ಹದಿನಾರೂವರೆ ಮೀಟರು. ಒಳಗೆ ಒತ್ತಡ ಇಳಿಯುತ್ತಿದೆ, ಹೊರಗಿನ ಗೇಜು ಸತ್ತಿದೆ.

ಡಾಕ್ಟರಿಗೆ ಫೋನು ಹೋಯಿತು, ಅವರು ಕೆಳಗಿಳಿದು ಬಂದರು. ರಿಪೇರಿಯವನೂ ಬಂದು ನೋಡಿ, ಒತ್ತಡ ಇರುವಾಗ ಆ ಕೊಳವೆಗೆ ಕೈ ಹಚ್ಚಲಾಗದೆಂದು ತಲೆಯಾಡಿಸಿದ. ಬಾಗಿಲು ತೆಗೆದು ಹೊರಗೆಳೆಯುವ ಮಾತೇ ಇರಲಿಲ್ಲ. ಡಾಕ್ಟರು ಗಲ್ಲ ಉಜ್ಜಿಕೊಂಡು ಒಂದು ಗಳಿಗೆ ಯೋಚಿಸಿದರು.

"ಒಳಗಿನ ಗೇಜು ನಂಬಬಹುದಾ?"

"ಬೆಳಿಗ್ಗೆ ಇಳಿಸುವಾಗ ಎರಡೂ ಸರಿಯಾಗಿ ಹೊಂದ್ತಿತ್ತು ಡಾಕ್ಟ್ರೇ."

"ಸರಿ. ಅವನ ಕಣ್ಣಲ್ಲೇ ನೋಡೋಣ. ನೀವು ಬಾಯಲ್ಲಿ ಹೇಳಿ, ನಾನು ಮೊಬೈಲಲ್ಲಿ ಲೆಕ್ಕ ಹಾಕಿ ತಾಳೆ ನೋಡ್ತೀನಿ." ಇಬ್ಬರೂ ಸೇರಿ ಮೀಟರಿಗೆ ಇಷ್ಟು ಪೌಂಡು ಎಂದು ಒಂದೊಂದಾಗಿ ಹೊಂದಿಸಿದರು. ಹದಿನೈದಕ್ಕೆ ಇಪ್ಪತ್ತೆರಡು, ಹನ್ನೆರಡಕ್ಕೆ ಹದಿನೇಳೂವರೆ, ಒಂಬತ್ತಕ್ಕೆ ಹದಿಮೂರು. ಡಾಕ್ಟರು ಅದನ್ನು ಬ್ಯಾಂಡೇಜು ಪಟ್ಟಿಯ ಮೇಲೆ ಗೀಚಿ ಕಿಟಕಿಯ ಪಕ್ಕ ಅಂಟಿಸಿದರು. ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಕರೆ ಬಂತು. "ನೀವಿದೀರಲ್ಲ. ಅನುಮಾನ ಬಂದ ಕೂಡ್ಲೆ ನಿಲ್ಲಿಸಿ, ನನ್ನ ಕರೀರಿ," ಎಂದು ಮೆಟ್ಟಿಲು ಹತ್ತಿದರು.

ಆಮೇಲೆ ಅವರಿಬ್ಬರೇ. ಅವಳ ಒಂದು ಕೈ ವಾಲ್ವಿನ ಮೇಲೆ, ಮುಖ ಕಿಟಕಿಯ ಮುಂದೆ. ಅವನು ಗೇಜನ್ನು ನೋಡುತ್ತಿದ್ದ, ಬೆರಳು ತೋರಿಸುತ್ತಿದ್ದ, ಸರಿಯೇ ಎಂದು ಅವಳ ಮುಖ ನೋಡುತ್ತಿದ್ದ. ಅವಳು ತಲೆಯಾಡಿಸಿದ ಮೇಲೆಯೇ ಮತ್ತೆ ಗೇಜಿನ ಕಡೆ ತಿರುಗುತ್ತಿದ್ದ. ಎರಡು, ಮೂರು. ಎರಡು, ಎರಡು. ಅವಳು ಪೌಂಡನ್ನು ಮೀಟರಿಗೆ ತಿರುಗಿಸಿ, ಗಡಿಯಾರದ ಜೊತೆ ತಾಳೆ ಹಾಕಿ, ವಾಲ್ವನ್ನು ಒಂದಿಷ್ಟು ಮುಚ್ಚಿ ಒಂದಿಷ್ಟು ತೆರೆಯುತ್ತಿದ್ದಳು. ಬೆನ್ನು ಬೆವರಿತ್ತು, ಕತ್ತು ಹಿಡಿದಿತ್ತು. ಒಂದು ಸಲ ಅವನು ಐದು ಬೆರಳು ತೋರಿಸಬೇಕಾದಲ್ಲಿ ಆರು ತೋರಿಸಿ, ತಾನೇ ತಿದ್ದಿಕೊಂಡು, ಕ್ಷಮಿಸಿ ಎಂಬಂತೆ ಕೈಮುಗಿದ. ಅವಳಿಗೆ ಆ ಭಯದ ಮಧ್ಯೆಯೂ ನಗು ಬಂತು. ಯಾರಾದರೂ ತನ್ನ ಮುಖವನ್ನು ಹೀಗೆ ಮತ್ತೆ ಮತ್ತೆ ಹುಡುಕಿ ನೋಡಿ ಯಾವ ಕಾಲವಾಯಿತು ಎಂದು ಅವಳು ನೆನಪು ಮಾಡಿಕೊಳ್ಳಲು ಹೋದಳು. ನೆನಪಾಗಲಿಲ್ಲ. ಲೆಕ್ಕ ತಪ್ಪೀತೆಂದು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಒಂಬತ್ತರಲ್ಲಿ ಬಹಳ ಹೊತ್ತು ನಿಲ್ಲಬೇಕಿತ್ತು. ಅಲ್ಲಿಂದ ಸೊನ್ನೆಗೆ ಮತ್ತೊಂದು ನಿಧಾನದ ದಾರಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲು ತೆರೆದಾಗ ಅವನು ಎಡಗಾಲಿನ ಹೆಬ್ಬೆರಳನ್ನು ಅಲ್ಲಾಡಿಸಿ ತೋರಿಸಿದ. ಹೊರಗಿದ್ದವರು ನುಗ್ಗಿ ಬಂದು ಅವನನ್ನು ತಬ್ಬಿಕೊಂಡರು, ಬೈದರು, ಅತ್ತರು. ಕೋಣೆಯಲ್ಲಿ ನಿಲ್ಲಲು ಜಾಗವಿಲ್ಲದೆ ಅವಳು ಓಣಿಗೆ ಹೋಗಿ ನಿಂತಳು.

ಪಾದದ ಜೋಮು ಪೂರ್ತಿ ಬಿಟ್ಟಿರಲಿಲ್ಲ. ಅದಕ್ಕಾಗಿ ಇನ್ನೂ ಕೆಲವು ದಿನ ಅವನು ಟ್ಯಾಂಕಿಗೆ ಬರಬೇಕಾಯಿತು. ಸತ್ತ ಗೇಜಿನ ಜಾಗಕ್ಕೆ ರಿಪೇರಿಯವನು ಉಗ್ರಾಣದಲ್ಲಿ ಸಿಕ್ಕಿದ ಹೊಸದೊಂದನ್ನು ತಿರುಪಿದ. ಅದು ಬಟ್ಟೆ ಒಗೆಯುವ ಕೋಣೆಯ ಬಾಯ್ಲರಿಗೆಂದು ತರಿಸಿದ್ದು, ಒತ್ತಡವನ್ನು ಕೆಜಿಯ ಲೆಕ್ಕದಲ್ಲಿ ತೋರಿಸುವಂಥದು. "ಮೀಟರು ಹೋಗಿ ಈಗ ಕೇಜಿ ಬಂತಾ? ನನ್ನ ತೂಕ ಮಾಡ್ತೀರಾ ಅಕ್ಕಾ?" ಎಂದು ಆಮೆ ಒಳಗಿನಿಂದ ನಗಾಡಿದ. ಈಗ ಬೆರಳು ತೋರಿಸುವ ಅಗತ್ಯವಿರಲಿಲ್ಲ. ಆದರೂ ಅವನು ತೋರಿಸುತ್ತಿದ್ದ. ಎರಡು, ಆರು. ಅವಳು ಹೊರಗಿನಿಂದ ಒಂದು, ಎಂಟು ಎಂದು ಉತ್ತರ ಕೊಡುತ್ತಿದ್ದಳು. ಒಮ್ಮೊಮ್ಮೆ ಅವನು ಬೇಕೆಂದೇ ಯಾವುದೋ ಸಂಖ್ಯೆ ಎತ್ತಿಹಿಡಿದು ಅವಳನ್ನು ಪರೀಕ್ಷೆ ಮಾಡುತ್ತಿದ್ದ. ಅವಳು ಚಕ್ಕನೆ ತಿರುಗಿಸಿ ತೋರಿಸಿದರೆ ಸೋತವನ ಹಾಗೆ ತಲೆ ದಿಂಬಿಗೆ ಹಾಕುತ್ತಿದ್ದ. ಆ ದಿನಗಳಲ್ಲಿ ಅವಳು ಬೆಳಿಗ್ಗೆ ಬಸ್ಸಿಗೆ ಬೇಗ ಹೊರಡುತ್ತಿದ್ದಳು.

ಕೊನೆಯ ದಿನ ಅವನ ಹೆಂಡತಿ ಬಂದಳು. ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. "ನಿಮ್ಮ ಉಪಕಾರ ಹೆಂಗೆ ತೀರಿಸ್ಲಿ ಅಕ್ಕಾ. ನಮ್ಮನೆಗೆ ಬರ್ಲೇಬೇಕು ನೀವು," ಎಂದು ಕೈ ಹಿಡಿದುಕೊಂಡಳು.

"ಬಂದೇ ಬರ್ತಾರೆ. ಅಲ್ವಾ ಅಕ್ಕಾ?" ಎಂದ ಅವನು.

ಹೊರಡುವ ಹೊತ್ತಿಗೆ ಎಲ್ಲರೂ ಆಡುವ ಮಾತು ಅದು. ಅವಳಿಗೂ ಗೊತ್ತಿತ್ತು. ಆದರೂ ಒಂದು ರಜೆಯ ದಿನ ಸೀರೆ ಬದಲಾಯಿಸಿ, ಹಣ್ಣು ಕೊಂಡು, ಅವನ ಮಗಳಿಗೆಂದು ಬಣ್ಣದ ಪೆನ್ಸಿಲಿನ ಡಬ್ಬಿ ಕೊಂಡು, ಬಂದರಿನ ಬಸ್ಸು ಹತ್ತಿದಳು.

ಬಂದರಿನ ಹಿಂದಿನ ಸಾಲು ಮನೆಗಳಲ್ಲಿ ಮೇಲಿನ ಮಹಡಿ. ಮೆಟ್ಟಿಲ ಕಂಬಿಗೆಲ್ಲ ಬಟ್ಟೆ ಒಣಹಾಕಿದ್ದರು. ಮನೆ ತುಂಬ ಜನ. ಹೆಂಡತಿಯ ಅಕ್ಕತಂಗಿಯರು, ಅವರ ಮಕ್ಕಳು, ನೆಲದ ಮೇಲೆ ಇಸ್ಪೀಟು ಹರಡಿಕೊಂಡು ಕೂತ ಜೊತೆಗಾರರು. ಅವಳು ಹೊಸ್ತಿಲಲ್ಲಿ ನಿಂತದ್ದೇ ಒಳಗಿನ ಗದ್ದಲ ನಿಂತುಹೋಯಿತು.

ಆಮೆ ಎದ್ದು ನಿಂತ. ಒಂದು ಗಳಿಗೆ ಯಾರೆಂದು ತಿಳಿಯಲಿಲ್ಲವೇನೋ. ಆಮೇಲೆ "ಓ, ಮೇಡಂ! ಬನ್ನಿ ಬನ್ನಿ. ಇವ್ರು ಆಸ್ಪತ್ರೆ ಮೇಡಂ," ಎಂದು ಎಲ್ಲರಿಗೂ ಹೇಳಿದ.

ಮೇಡಂ ಎಂಬ ಮಾತು ಅವಳಿಗೆ ಮುಳ್ಳಿನ ಹಾಗೆ ತಾಗಿತು. ಆದರೂ ನಕ್ಕು ಒಳಗೆ ಬಂದಳು. ಇದ್ದ ಒಂದೇ ಒಳ್ಳೆಯ ಕುರ್ಚಿಯನ್ನು ಒರೆಸಿ ಅದರಲ್ಲಿ ಕೂರಿಸಿದರು. ಉಳಿದವರೆಲ್ಲ ನೆಲದ ಮೇಲೆ. ಎತ್ತರದಲ್ಲಿ ಒಬ್ಬಳೇ ಕೂತು ಅವಳು ಟೀ ಕುಡಿದಳು. ಸೆಖೆ ಹೆಚ್ಚು ಎಂದರು, ಹೌದು ಎಂದಳು. ಬಸ್ಸು ಸಿಕ್ಕಿತೇ ಎಂದರು, ಸಿಕ್ಕಿತು ಎಂದಳು. ಕಾಲು ಹೇಗಿದೆ ಎಂದು ಅವಳು ಕೇಳಿದರೆ ಅವನು ಜೊತೆಗಾರರ ಕಡೆ ಓರೆಗಣ್ಣಿನಿಂದ ನೋಡಿ "ಕಾಲಿಗೇನು, ಕಲ್ಲಾಗಿದೆ," ಎಂದು ಮಾತು ಹಾರಿಸಿದ. ಏನಾದರೂ ಆಡಬೇಕೆನಿಸಿ ಅವಳು ಕೈಯೆತ್ತಿ ಎರಡು ಬೆರಳು, ಆಮೇಲೆ ಆರು ಬೆರಳು ತೋರಿಸಿದಳು.

ಅವನು ಪೆಚ್ಚಾಗಿ ನಕ್ಕ.

"ಏನಪ್ಪಾ ಅದು?" ಎಂದಳು ಮಗಳು.

"ಏನಿಲ್ಲ. ನೀನು ಪೆನ್ಸಿಲು ನೋಡು."

ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಎದ್ದಳು. ಇನ್ನೂ ಕೂತ್ಕೊಳ್ಳಿ ಎಂದರು. ಅವಳು ಕೂರಲಿಲ್ಲ.

ಬಸ್ ನಿಲ್ದಾಣದವರೆಗೆ ಬಿಟ್ಟುಬರುತ್ತೇನೆಂದು ಅವನೇ ಬಂದ. ಎಡಗಾಲನ್ನು ಒಂದಿಷ್ಟು ಎಳೆದು ಹಾಕುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಮನೆಯಿಂದ ದೂರ ಬಂದಂತೆ ಅವನ ದನಿ ಹಳೆಯ ದನಿಯಾಯಿತು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಜೊತೆಯವ್ರಿಗೆ ಕಾಲಿನ ವಿಷ್ಯ ಗೊತ್ತಾದ್ರೆ ನೀರಿಗೆ ಬಿಡಲ್ಲ, ಅದಕ್ಕೇ. ಸೋಮವಾರದಿಂದ ಮತ್ತೆ ಇಳೀತಿದೀನಿ."

"ಇಳಿಯೋದಾ? ಡಾಕ್ಟ್ರು ಬೇಡವೇ ಬೇಡ ಅಂದಿದಾರಲ್ಲ?"

"ಡಾಕ್ಟ್ರು ಅಂತಾರೆ. ದಡದಲ್ಲಿ ಕೂತ್ಕೊಂಡು ನಾನು ಏನ್ ಮಾಡ್ಲಿ? ನಂಗೆ ಬರೋದು ಅದೊಂದೇ." ಅವನು ನಕ್ಕ. "ಏನಾದ್ರೂ ಆದ್ರೆ ನೀವಿದೀರಲ್ಲ. ಮತ್ತೆ ನಿಮ್ಮ ಹತ್ರನೇ ಬರ್ತೀನಿ ಬಿಡಿ. ಬೆರಳು ತೋರಿಸ್ಕೊಂಡು ಕಾಲ ಕಳೆಯೋಣ."

ಅವಳ ಎದೆ ಜಿಗಿಯಿತು. ದುಂಡು ಕಿಟಕಿಯಾಚೆ ಆ ಮುಖ, ತನ್ನ ಮುಖವನ್ನು ಹುಡುಕುವ ಆ ಕಣ್ಣು, ಗಂಟೆಗಟ್ಟಲೆ ಮಾತು, ಎಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು. ಬರಲಿ ಎನಿಸಿತು. ನಿಜವಾಗಿಯೂ, ಮನಸಾರೆ, ಬರಲಿ ಎನಿಸಿತು. ಮರುಗಳಿಗೆಗೆ ತಾನು ಏನನ್ನು ಬಯಸಿದೆ ಎಂಬುದು ಅರಿವಾಯಿತು.

"ಬರಬೇಡ," ಎಂದಳು.

"ಏನಕ್ಕಾ?"

"ನನ್ನ ಹತ್ರ ಬರಬೇಡ. ಯಾವತ್ತೂ ಬರಬೇಡ. ಬಂದ್ರೆ ನಾನು ಬಾಗಿಲು ತೆಗೆಯಲ್ಲ." ದನಿ ಅವಳ ಹಿಡಿತದಲ್ಲಿರಲಿಲ್ಲ. ನಿಲ್ದಾಣದಲ್ಲಿ ನಿಂತಿದ್ದವರು ತಿರುಗಿ ನೋಡಿದರು. "ಒಂದು ಸಲ ಕಾಲು ವಾಪಸ್ ಬಂತು. ಇನ್ನೊಂದು ಸಲ ಬರಲ್ಲ. ನಿನ್ನಂಥೋರು ಎಷ್ಟು ಜನರನ್ನ ನೋಡಿದೀನಿ ಗೊತ್ತಾ? ಗಾಲಿಕುರ್ಚೀಲಿ ಕೂರಿಸ್ಕೊಂಡು ಹೋದ್ರು. ನಿನ್ನ ಮಗ್ಳು ತಳ್ಳಬೇಕಾ? ಇಳಿಯಬೇಡ ಅಂದ್ರೆ ಇಳಿಯಬೇಡ. ನನ್ನ ಮುಖ ನೋಡಬೇಡ."

ಅವನು ಬೆಪ್ಪಾಗಿ ನಿಂತ. "ಯಾಕ್ ಮೇಡಂ, ಹಿಂಗ್ಯಾಕೆ..." ಎಂದ.

ಬಸ್ಸು ಬಂತು. ಬರ್ತೀನಿ ಎಂದು ಸಹ ಹೇಳದೆ ಅವಳು ಹತ್ತಿಕೊಂಡಳು. ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತೇ ಊರೆಲ್ಲ ದಾಟಿದಳು.

"ಎಲ್ಲಿಗೆ ಹೋಗಿದ್ರಿ ಅತ್ತಿಗೆ?" ಎಂದು ತಮ್ಮನ ಹೆಂಡತಿ ಕೇಳಿದಳು. ಎಂದೂ ಕೇಳದವಳು.

"ಗೊತ್ತಿರೋರ ಮನೆಗೆ."

"ನಿಮಗ್ಯಾರು ಆ ಕಡೆ ಗೊತ್ತಿರೋರು?"

"ಈಗ ಯಾರೂ ಇಲ್ಲ," ಎಂದು ಅವಳು ಕೈಕಾಲು ತೊಳೆಯಲು ಹೋದಳು.

ಸೋಮವಾರ ಅವಳು ಫೋನಿನ ಪಕ್ಕದಿಂದ ಏಳಲಿಲ್ಲ. ಮಂಗಳವಾರವೂ. ಫೋನು ಬರಲಿಲ್ಲ. ಆ ವಾರ ಕಳೆಯಿತು, ಮತ್ತೂ ಕೆಲವು ವಾರ ಕಳೆದವು. ಇಳಿದನೋ, ಇಳಿದೂ ಏನೂ ಆಗಲಿಲ್ಲವೋ, ಏನಾಗಿ ಬೇರೆಲ್ಲೋ ಒಯ್ದರೋ, ಕೇಳಲು ಯಾರೂ ಇರಲಿಲ್ಲ. ಬೆಳಿಗ್ಗೆ ಮೆಟ್ಟಿಲಿಳಿದು ಬರುವಾಗ ಓಣಿಯಲ್ಲಿ ಸ್ಟ್ರೆಚರು ಕಂಡರೆ ಅವಳ ಹೆಜ್ಜೆ ನಿಲ್ಲುತ್ತಿತ್ತು. ಅದು ಬಟ್ಟೆಯ ಗಂಟು ಹೊತ್ತ ಸ್ಟ್ರೆಚರಾಗಿರುತ್ತಿತ್ತು.

ಒಂದು ಮಧ್ಯಾಹ್ನ ಡಾಕ್ಟರು ತಾವಾಗಿ ಕೆಳಗಿಳಿದು ಬಂದರು. ರೋಗಿ ಇಲ್ಲದಾಗ ಅವರು ಬಂದದ್ದು ಅದೇ ಮೊದಲು.

"ನಿಮ್ಮ ಆಮೆ ಈಗ ತಾನೇ ಬಂದಿದ್ದ, ಕಾಲು ತೋರಿಸ್ಕೊಳ್ಳೋಕೆ."

ಅವಳು ಎದ್ದು ನಿಂತಳು. "ಇಳೀತಿದಾನಾ?"

"ಇಲ್ಲ. ದೋಣಿ ಮೇಲೆ ಕೂತು ಗಾಳಿ ಬಿಡೋ ಕೆಲಸ ತಗೊಂಡಿದಾನೆ. ಕೆಳಗೆ ಹೋದೋರಿಗೆ ಕಂಪ್ರೆಸರು ನೋಡ್ಕೊಳ್ಳೋದು. ಅಲ್ಲಿ ಗೇಜು ಪೌಂಡಲ್ಲಿದೆಯಂತೆ, ಮೀಟರಿಗೆ ಬಾಯಲ್ಲೇ ತಿರುಗಿಸ್ತೀನಿ ಅಂತ ನನ್ನ ಮುಂದೆ ಜಂಬ ಬೇರೆ." ಡಾಕ್ಟರು ನಕ್ಕರು. "ಕೆಳಗೆ ಹೋಗಿ ಮಾತಾಡಿಸ್ಕೊಂಡು ಹೋಗಯ್ಯ ಅಂದೆ. ಮೆಟ್ಟಿಲ ತನಕ ಬಂದ. ಇಲ್ಲ ಡಾಕ್ಟ್ರೇ, ಅಕ್ಕ ಬರಬೇಡ ಅಂದಿದಾರೆ ಅಂತ ಹೊರಟುಹೋದ. ನೀವು ಹಂಗಂದ್ರಾ?"

"ಅಂದಿದ್ದೆ."

"ಯಾಕೆ?"

ಅವಳು ಬಾಗಿಲಿನ ರಬ್ಬರು ಒರೆಸತೊಡಗಿದಳು. "ಒಳ್ಳೇದೇ ಆಯ್ತಲ್ಲ ಡಾಕ್ಟ್ರೇ," ಎಂದಳು.

ಡಾಕ್ಟರು ಮೆಟ್ಟಿಲು ಹತ್ತಿ ಹೊರಟರು. ಅವರ ಹೆಜ್ಜೆ ಸದ್ದು ಅಡಗಿದ ಮೇಲೆ ಅವಳು ಬೇಗಬೇಗ ಕೋಣೆಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಆಸ್ಪತ್ರೆಯ ಗೇಟಿನವರೆಗೆ ಹೋದಳು. ರಸ್ತೆಯ ಆಚೆ ಬಸ್ಸು ಕಾಯುವವರು ಗುಂಪಾಗಿ ನಿಂತಿದ್ದರು. ಬಿಸಿಲಿಗೆ ಕೈ ಅಡ್ಡ ಹಿಡಿದು ಒಬ್ಬೊಬ್ಬರನ್ನಾಗಿ ನೋಡಿದಳು. ಅಗಲ ಭುಜದವನು ಯಾರೂ ಇರಲಿಲ್ಲ. ಬಸ್ಸು ಬಂದು ಅವರನ್ನೆಲ್ಲ ಹತ್ತಿಸಿಕೊಂಡು ಹೋಯಿತು. ಬರಿದಾದ ನಿಲ್ದಾಣದ ಕಡೆ ಮುಖ ಮಾಡಿ ಅವಳು ಇನ್ನೂ ಸ್ವಲ್ಪ ಹೊತ್ತು ಬಿಸಿಲಿನಲ್ಲೇ ನಿಂತಿದ್ದಳು.